ಗೀಸರ್ ಕಾಯಿಲ್ ಬದಲಿಸುವ ಮೊದಲು: ವೋಲ್ಟ್, ಆಂಪಿಯರ್‌ನಿಂದ ರೋಧ ಮತ್ತು ವ್ಯಾಟ್ ಲೆಕ್ಕ ಹಾಕುವ ಬಗೆ

"ಮೊದಲು ಇಪ್ಪತ್ತು ನಿಮಿಷಕ್ಕೆ ಗೀಸರ್ ದೀಪ ಆರ್ತಿತ್ತು. ಈಗ ಅರ್ಧ ಗಂಟೆ ಹತ್ತಿರ ಬೇಕು ಕಣೋ" ಎಂದು ಅಮ್ಮ ಫೋನಿನಲ್ಲಿ ಹೇಳುವ ಹೊತ್ತಿಗೆ ಪೇಟೆಯಿಂದ ರಿಪೇರಿಯವರು ಬಂದು ನೋಡಿ ಹೋಗಿದ್ದರು. ಕಾಯಿಲ್ ಹಾಳಾಗಿದೆ, ಬದಲಿಸಬೇಕು ಎಂಬುದು ಅವರ ತೀರ್ಮಾನ. ಆ ವಾರ ಊರಿಗೆ ಹೋದಾಗ ನಾನು ಅಳೆದದ್ದು ಎರಡೇ ಅಂಕಿ, ವೋಲ್ಟ್ ಮತ್ತು ಆಂಪಿಯರ್. ಕಾಗದದ ಮೇಲೆ ಐದು ನಿಮಿಷ ಲೆಕ್ಕ ಮಾಡಿದ್ದಕ್ಕೆ ಕಾಯಿಲ್ ಸರಿಯಾಗಿಯೇ ಇದೆ ಎಂದು ಗೊತ್ತಾಯಿತು. ತೊಂದರೆ ಇದ್ದದ್ದು ಅಟ್ಟದ ಮೇಲಿನ ಒಂದು ಜಾಯಿಂಟ್‌ನಲ್ಲಿ. ಮರದ ಅಟ್ಟ ಅದು. ಆ ಜಾಯಿಂಟ್ ಹಾಗೇ ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಹತ್ತನೇ ತರಗತಿಯಲ್ಲಿ ಎಲ್ಲರೂ ಕಲಿತ ಲೆಕ್ಕವೇ ಇದು. ಪರೀಕ್ಷೆ ಮುಗಿದ ಮೇಲೆ ಮರೆತಿರುತ್ತೇವೆ ಅಷ್ಟೆ. ಮನೆಯಲ್ಲಿ ಅದನ್ನು ಬಳಸುವುದು ಹೇಗೆ ಎಂದು ಅಮ್ಮನ ಮನೆಯ ಅಂಕಿಗಳನ್ನೇ ಇಟ್ಟುಕೊಂಡು ಹೇಳುತ್ತೇನೆ.

ಎರಡು ಸೂತ್ರ ಸಾಕು

ಪಠ್ಯಪುಸ್ತಕದಲ್ಲಿ ವಿಭವಾಂತರ ಎಂದು ಓದಿದ್ದು ನಾವು ದಿನನಿತ್ಯ ಹೇಳುವ ವೋಲ್ಟೇಜ್. ವಿದ್ಯುತ್ ಪ್ರವಾಹ ಎಂದರೆ ಎಷ್ಟು ಕರೆಂಟು ಹರಿಯುತ್ತಿದೆ ಎಂಬುದು. ಅದರ ಅಳತೆ ಆಂಪಿಯರ್. ಹರಿವಿಗೆ ತಂತಿಯೋ ಕಾಯಿಲೋ ಒಡ್ಡುವ ತಡೆಯೇ ರೋಧ. ಅದನ್ನು ಓಮ್‌ನಲ್ಲಿ ಅಳೆಯುತ್ತೇವೆ. ಜರ್ಮನಿಯ ಗಿಯೋರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ ಈ ಮೂರನ್ನೂ ಒಂದಕ್ಕೊಂದು ಹೊಂದಿಸುತ್ತದೆ.

ವೋಲ್ಟ್ ÷ ಆಂಪಿಯರ್ = ಓಮ್
ವೋಲ್ಟ್ × ಆಂಪಿಯರ್ = ವ್ಯಾಟ್

ಭಾಗಿಸಿದರೆ ರೋಧ, ಗುಣಿಸಿದರೆ ವಿದ್ಯುತ್ ಸಾಮರ್ಥ್ಯ. ಇವೆರಡನ್ನು ಸೇರಿಸಿದರೆ ಇನ್ನೆರಡು ಸೂತ್ರ ತಾವಾಗಿಯೇ ಸಿಗುತ್ತವೆ:

ಆಂಪಿಯರ್ × ಆಂಪಿಯರ್ × ಓಮ್ = ವ್ಯಾಟ್
ವೋಲ್ಟ್ × ವೋಲ್ಟ್ ÷ ಓಮ್ = ವ್ಯಾಟ್

ಒಂದು ಎಚ್ಚರ. ಚಿಕ್ಕ ಸಲಕರಣೆಗಳ ಕರೆಂಟು ಮಿಲಿಆಂಪಿಯರ್‌ನಲ್ಲಿ ಬರೆದಿರುತ್ತದೆ. ಲೆಕ್ಕಕ್ಕೆ ಹಾಕುವ ಮೊದಲು ಅದನ್ನು 1000ದಿಂದ ಭಾಗಿಸಿಕೊಳ್ಳಿ. 20 ಮಿಲಿಆಂಪಿಯರ್ ಎಂದರೆ 0.02 ಆಂಪಿಯರ್. ಜನ ತಪ್ಪುವುದು ಹೆಚ್ಚಾಗಿ ಇಲ್ಲಿಯೇ.

ಮೊದಲ ಹೆಜ್ಜೆ: ಪಟ್ಟಿ ಓದಿ

ಗೀಸರಿನ ಮೈಮೇಲೆ ಅಂಟಿಸಿದ ಪಟ್ಟಿಯಲ್ಲಿ 230 ವೋಲ್ಟ್, 2000 ವ್ಯಾಟ್ ಎಂದಿತ್ತು. ಮೀಟರ್ ಕೈಗೆತ್ತಿಕೊಳ್ಳುವ ಮೊದಲೇ, ಎಲ್ಲ ಸರಿಯಿದ್ದರೆ ಎಷ್ಟು ಬರಬೇಕು ಎಂದು ಬರೆದಿಟ್ಟುಕೊಳ್ಳಬೇಕು. ಹೋಲಿಸಲು ಏನೂ ಇಲ್ಲದಿದ್ದರೆ ಅಳೆದ ಅಂಕಿಯಿಂದ ಪ್ರಯೋಜನವಿಲ್ಲ.

2000 ÷ 230 = 8.7 ಆಂಪಿಯರ್
230 ÷ 8.7 = ಸುಮಾರು 26.4 ಓಮ್

ಈ 8.7 ಆಂಪಿಯರ್ ಇನ್ನೊಂದು ಮಾತನ್ನೂ ಹೇಳುತ್ತದೆ: ಗೀಸರನ್ನು 6 ಆಂಪಿಯರ್‌ನ ಚಿಕ್ಕ ಪಿನ್ ಪಾಯಿಂಟಿಗೆ ಸಿಕ್ಕಿಸುವಂತಿಲ್ಲ, 16 ಆಂಪಿಯರ್‌ನ ದೊಡ್ಡ ಸಾಕೆಟ್ಟೇ ಬೇಕು. 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ ಎಳೆಯುವುದು 4.35 ಆಂಪಿಯರ್, ಅದು ಚಿಕ್ಕದರಲ್ಲಿ ನಡೆಯುತ್ತದೆ. ಆದರೆ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಇಸ್ತ್ರಿಪೆಟ್ಟಿಗೆಯನ್ನೂ 1500 ವ್ಯಾಟಿನ ಕೆಟಲನ್ನೂ ಹಾಕಿದರೆ ಆಂಪಿಯರ್‌ಗಳು ಕೂಡುತ್ತವೆ: 4.35 + 6.5 = 10.85. ಆ ಬಾಕ್ಸಿನ ಪ್ಲಗ್ 6 ಆಂಪಿಯರ್‌ನದ್ದಾಗಿದ್ದರೆ ಅದು ಕಾದೇ ಕಾಯುತ್ತದೆ.

ಎರಡನೆಯದು: ಅಳತೆ

ಎಲೆಕ್ಟ್ರಿಷಿಯನ್ ಅಲ್ಲದವರು ಮೊದಲು ಪ್ಲಗ್ ಮಾದರಿಯ ವ್ಯಾಟ್ ಮೀಟರ್ ಕೊಳ್ಳಿ, 16 ಆಂಪಿಯರ್‌ನದ್ದು. ಅದನ್ನು ಸಾಕೆಟ್ಟಿಗೆ ಸಿಕ್ಕಿಸಿ, ಗೀಸರಿನ ಪ್ಲಗನ್ನು ಅದಕ್ಕೆ ಸಿಕ್ಕಿಸಿದರೆ ವೋಲ್ಟ್, ಆಂಪಿಯರ್, ವ್ಯಾಟ್ ಮೂರೂ ಪರದೆಯ ಮೇಲೆ ಬರುತ್ತವೆ. ಬರಿ ತಂತಿಯನ್ನು ಮುಟ್ಟುವ ಪ್ರಮೇಯವೇ ಇಲ್ಲ.

ಮಲ್ಟಿಮೀಟರ್ ಬಳಸುವವರಿಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಕೆಂಪು ಕಡ್ಡಿಯ ವೈರು ವೋಲ್ಟ್ ರಂಧ್ರದಲ್ಲಿದೆಯೇ ಎಂದು ಪ್ರತಿ ಸಲವೂ ಕಣ್ಣಾರೆ ನೋಡಿ. ಅದು 10 ಆಂಪಿಯರ್ ರಂಧ್ರದಲ್ಲಿರುವಾಗ ಕಡ್ಡಿಗಳನ್ನು ಸಾಕೆಟ್ಟಿಗೆ ತೂರಿಸಿದರೆ ಫೇಸ್ (ಕರೆಂಟು ಬರುವ ತಂತಿ) ಮತ್ತು ನ್ಯೂಟ್ರಲ್ (ವಾಪಸ್ ಹೋಗುವ ತಂತಿ) ನಡುವೆ ನೇರ ಶಾರ್ಟ್ ಆಗುತ್ತದೆ. ಮೀಟರ್ ಕೈಯಲ್ಲೇ ಸಿಡಿಯಬಹುದು. ಮನೆಯ ಲೈನಿನ ಆಂಪಿಯರ್ ಅಳೆಯುವುದಕ್ಕೆ ಕ್ಲ್ಯಾಂಪ್ ಮೀಟರ್ ಇದೆ. ಅದರ ಇಕ್ಕಳದೊಳಗೆ ಫೇಸ್ ತಂತಿ ಒಂದೇ ಹೋಗಬೇಕು. ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದರೆ ಹೋಗುವ ಕರೆಂಟು, ಬರುವ ಕರೆಂಟು ಒಂದನ್ನೊಂದು ಅಳಿಸಿಕೊಂಡು ಮೀಟರ್ ಸೊನ್ನೆ ತೋರಿಸುತ್ತದೆ. ಬೋರ್ಡಿನ ಮುಚ್ಚಳ ತೆಗೆದು ತಂತಿ ಬಿಡಿಸುವ ಕೆಲಸವನ್ನು ಅನುಭವವಿರುವ ಎಲೆಕ್ಟ್ರಿಷಿಯನ್‌ಗೇ ಬಿಡಿ.

ಅಮ್ಮನ ಮನೆಯ ಬಚ್ಚಲಿನ ಸಾಕೆಟ್ಟಿನಲ್ಲಿ ಸಿಕ್ಕಿದ ಅಂಕಿಗಳು ಇವು. ಗೀಸರ್ ಆಫ್ ಇದ್ದಾಗ 224 ವೋಲ್ಟ್. ಆನ್ ಮಾಡಿದ ಕೂಡಲೇ 203 ವೋಲ್ಟ್, 7.7 ಆಂಪಿಯರ್.

ಮೂರನೆಯದು: ಭಾಗಿಸಿ, ಗುಣಿಸಿ

203 ÷ 7.7 = 26.4 ಓಮ್
203 × 7.7 = 1563 ವ್ಯಾಟ್

ಪಟ್ಟಿಯ ಪ್ರಕಾರ ಬರಬೇಕಾದ ರೋಧವೂ 26.4, ಅಳತೆಯಿಂದ ಬಂದದ್ದೂ 26.4. ಅಂದರೆ ಕಾಯಿಲ್ ಹೊಸದರಂತೆಯೇ ಇದೆ. ಬದಲಿಸಿದ್ದರೆ ದುಡ್ಡು ಹೋಗುತ್ತಿತ್ತು, ನೀರು ಮಾತ್ರ ಅಷ್ಟೇ ನಿಧಾನವಾಗಿ ಕಾಯುತ್ತಿತ್ತು. 2000 ವ್ಯಾಟಿನ ಕಾಯಿಲಿಗೆ 1563 ವ್ಯಾಟೇ ಸಿಗುತ್ತಿತ್ತು. ಉಳಿದದ್ದು ಕಾಯಿಲಿನ ತಪ್ಪಲ್ಲ.

ನೀರಿನ ಲೆಕ್ಕವನ್ನೂ ಮಾಡಿ ನೋಡೋಣ. ಒಂದು ಲೀಟರ್ ನೀರು ಒಂದು ಡಿಗ್ರಿ ಸೆಲ್ಸಿಯಸ್ ಏರಲು 1.163 ವ್ಯಾಟ್-ಗಂಟೆ ಬೇಕು (ಒಂದು ವ್ಯಾಟಿನ ಸಲಕರಣೆ ಒಂದು ಗಂಟೆ ಓಡಿದರೆ ಆಗುವ ಖರ್ಚು ಒಂದು ವ್ಯಾಟ್-ಗಂಟೆ). 15 ಲೀಟರ್ ಟ್ಯಾಂಕಿನ ನೀರು 22 ಡಿಗ್ರಿಯಿಂದ 62ಕ್ಕೆ ಏರಲು 15 × 40 × 1.163 = 698 ವ್ಯಾಟ್-ಗಂಟೆ. ಪೂರ್ತಿ 2000 ವ್ಯಾಟ್ ಸಿಕ್ಕರೆ 21 ನಿಮಿಷ. 1563 ಸಿಕ್ಕರೆ ಸುಮಾರು 27 ನಿಮಿಷ. ಟ್ಯಾಂಕಿನಿಂದ ಸೋರುವ ಶಾಖವನ್ನೂ ಸೇರಿಸಿದರೆ ಅಮ್ಮ ಗಡಿಯಾರ ನೋಡಿ ಹೇಳಿದ್ದು ಸರಿಯಾಗಿತ್ತು.

ನಾಲ್ಕನೆಯದು: ಕಾಣದ ರೋಧವನ್ನು ಹುಡುಕಿ

ಆಫ್ ಇದ್ದಾಗ 224, ಆನ್ ಇದ್ದಾಗ 203. ನಡುವಿನ 21 ವೋಲ್ಟ್ ಎಲ್ಲಿ ಹೋಯಿತು? ಅದು ಕರೆಂಟು ಬರುವ ದಾರಿಯಲ್ಲಿ, ತಂತಿ ಮತ್ತು ಜಾಯಿಂಟ್‌ಗಳ ರೋಧದಲ್ಲಿ ಖರ್ಚಾಗಿದೆ. ಆ ರೋಧವೂ ಅದೇ ಸೂತ್ರಕ್ಕೆ ಸಿಕ್ಕುತ್ತದೆ: 21 ÷ 7.7 = 2.73 ಓಮ್.

ಬರೀ ವೋಲ್ಟೇಜ್ ನೋಡಿ "224 ಇದೆ, ಲೈನ್ ಸರಿಯಿದೆ" ಎಂದು ಹೇಳಿ ಹೋಗುವವರು ಎಡವುವುದು ಇಲ್ಲಿ. ಕರೆಂಟು ಹರಿಯದಿದ್ದಾಗ ರೋಧ ಎಷ್ಟೇ ಇದ್ದರೂ ವೋಲ್ಟೇಜ್ ಇಳಿಯುವುದಿಲ್ಲ. ಸೊನ್ನೆ ಆಂಪಿಯರ್‌ನಿಂದ ಏನನ್ನು ಗುಣಿಸಿದರೂ ಸೊನ್ನೆಯೇ ತಾನೆ. ಹಾಗಾಗಿ ಲೋಡ್ ಇಲ್ಲದೆ ಒಮ್ಮೆ, ಲೋಡ್ ಹಾಕಿ ಒಮ್ಮೆ, ಎರಡು ಸಲ ಅಳೆಯಲೇಬೇಕು. ಎರಡರ ನಡುವೆ ಹೆಚ್ಚು ಹೊತ್ತು ಬಿಡಬೇಡಿ. ಹೊರಗಿನ ಲೈನಿನ ವೋಲ್ಟೇಜೇ ಅಷ್ಟರಲ್ಲಿ ಏರಿಳಿದಿರಬಹುದು. ಮೂರು ಸಲ ಆಫ್-ಆನ್ ಮಾಡಿ, ಮೂರರಲ್ಲೂ ವ್ಯತ್ಯಾಸ ಹೆಚ್ಚುಕಡಿಮೆ ಒಂದೇ ಬಂದರೆ ನಂಬಿ.

ಇನ್ನು ತಪ್ಪು ಯಾವ ಭಾಗದಲ್ಲಿದೆ ಎಂದು ನೋಡಬೇಕು. ಗೀಸರ್ ಓಡುತ್ತಿರುವಾಗಲೇ ಜಗಲಿಯ ಮೇನ್ ಬೋರ್ಡಿನಲ್ಲಿ ಅಳೆಸಿದೆ. 219 ವೋಲ್ಟ್ ಬಂತು. ಕಂಬದಿಂದ ಬೋರ್ಡಿನವರೆಗೆ 5 ವೋಲ್ಟ್ ಇಳಿದಿತ್ತು, ಅದು ಹೊರಗಿನ ಲೈನಿನ ಪಾಲು. ಬೋರ್ಡಿನಿಂದ ಬಚ್ಚಲಿನವರೆಗೆ ಇಳಿದದ್ದು 16 ವೋಲ್ಟ್. 16 ÷ 7.7 = 2.08 ಓಮ್. ಇದು ಮನೆಯೊಳಗಿನ ಪಾಲು.

ತಂತಿಯೇ ಉದ್ದವಾಗಿದ್ದರೆ ಅಷ್ಟು ರೋಧ ಸಹಜವಿರಬಹುದಲ್ಲ? ಅದನ್ನೂ ಲೆಕ್ಕ ಹಾಕಬಹುದು. ತಾಮ್ರದ ತಂತಿಯ ಉದ್ದವನ್ನು ಮೀಟರ್‌ನಲ್ಲಿ ತೆಗೆದುಕೊಂಡು 0.0172ರಿಂದ ಗುಣಿಸಿ, ಬಂದದ್ದನ್ನು ಅಂಗಡಿಯಲ್ಲಿ "ಒಂದು ಸ್ಕ್ವೇರ್", "ಎರಡೂವರೆ ಸ್ಕ್ವೇರ್" ಎನ್ನುತ್ತಾರಲ್ಲ, ಆ ಅಂಕಿಯಿಂದ (ತಂತಿಯ ಅಡ್ಡಸೀಳಿಕೆ, ಚದರ ಮಿಲಿಮೀಟರ್‌ನಲ್ಲಿ) ಭಾಗಿಸಿ. ಓಮ್ ಸಿಗುತ್ತದೆ. ಫೇಸ್ ಹೋಗಬೇಕು, ನ್ಯೂಟ್ರಲ್ ವಾಪಸ್ ಬರಬೇಕು, ಆದ್ದರಿಂದ ದೂರದ ಎರಡರಷ್ಟು ಉದ್ದ. ನಮ್ಮಲ್ಲಿ ದೂರ 18 ಮೀಟರ್, ಎಳೆದದ್ದು ಒಂದು ಸ್ಕ್ವೇರ್ ತಂತಿ. ಗೀಸರಿಗೆ ಅದು ಸಾಲದು, ಆದರೂ ಲೆಕ್ಕ ನೋಡಿ: 36 × 0.0172 ÷ 1 = 0.62 ಓಮ್.

ಇರಬೇಕಾದದ್ದು 0.62, ಇರುವುದು 2.08. ಹೆಚ್ಚುವರಿ 1.46 ಓಮ್ ಎಲ್ಲೋ ಒಂದು ಜಾಗದಲ್ಲಿ ಕೂತಿದೆ. ಅಲ್ಲಿ ಹುಟ್ಟುವ ಶಾಖ: 7.7 × 7.7 × 1.46 = ಸುಮಾರು 86 ವ್ಯಾಟ್.

ಮಲ್ಟಿಮೀಟರ್‌ನಲ್ಲಿ ಒಂದೂವರೆ ಓಮ್ ಎಂದರೆ ಲೆಕ್ಕಕ್ಕಿಲ್ಲದ ಅಂಕಿ. ಆದರೆ ಎಲೆಕ್ಟ್ರಾನಿಕ್ಸ್ ಕೆಲಸದವರು ಸೀಸ ಕರಗಿಸಲು ಬಳಸುವ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಅಂಥ ಮೂರಕ್ಕೂ ಹೆಚ್ಚು ಐರನ್‌ಗಳ ಶಾಖ ಕಡಲೆಕಾಳಿನಷ್ಟು ಜಾಗದಲ್ಲಿ, ಪ್ಲಾಸ್ಟಿಕ್ ಡಬ್ಬಿಯೊಳಗೆ, ಮರದ ಹಲಗೆಯ ಪಕ್ಕ ದಿನಾ ಬೆಳಗ್ಗೆ ಅರ್ಧ ಗಂಟೆ ಉರಿಯುತ್ತಿತ್ತು.

ಮೇನ್ ಆಫ್ ಮಾಡಿ, ಟೆಸ್ಟರಿನಲ್ಲೂ ಮೀಟರಿನಲ್ಲೂ ಪರೀಕ್ಷಿಸಿ, ಎಲೆಕ್ಟ್ರಿಷಿಯನ್ ಅಟ್ಟದ ಜಂಕ್ಷನ್ ಬಾಕ್ಸ್ ತೆರೆದರು. ನ್ಯೂಟ್ರಲ್ ಜಾಯಿಂಟ್. ಎರಡು ತಂತಿಗಳನ್ನು ಬರೀ ಕೈಯಲ್ಲಿ ಹೊಸೆದು ಮೇಲೆ ಟೇಪು ಸುತ್ತಿದ್ದರು. ಟೇಪು ಸುಟ್ಟು ಹಪ್ಪಳದಂತೆ ಪುಡಿಯಾಯಿತು. ತಾಮ್ರ ಕಪ್ಪಾಗಿತ್ತು, ತಂತಿಯ ಹೊದಿಕೆ ಒಂದು ಗೇಣಿನಷ್ಟು ದೂರ ಕರಗಿ ಗಟ್ಟಿಯಾಗಿತ್ತು. ಡಬ್ಬಿಯ ಮುಚ್ಚಳದ ಒಳಭಾಗ ಕಂದು ಬಣ್ಣಕ್ಕೆ ತಿರುಗಿತ್ತು.

ಎಂಸಿಬಿ (ಕರೆಂಟು ಮಿತಿಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಯಾಕೆ ಬೀಳಲಿಲ್ಲ ಎಂದು ಅಮ್ಮ ಕೇಳಿದರು. ಸರಿಯಾದ ಪ್ರಶ್ನೆ. ಎಂಸಿಬಿ ನೋಡುವುದು ಕರೆಂಟು ಹೆಚ್ಚಾಯಿತೇ ಎಂಬುದನ್ನು ಮಾತ್ರ. ಸಡಿಲ ಜಾಯಿಂಟ್ ರೋಧವನ್ನು ಹೆಚ್ಚಿಸುತ್ತದೆ, ರೋಧ ಹೆಚ್ಚಿದರೆ ಕರೆಂಟು ಕಡಿಮೆಯಾಗುತ್ತದೆ. 8.7 ಇರಬೇಕಾದಲ್ಲಿ 7.7 ಹರಿಯುತ್ತಿತ್ತು. 16 ಆಂಪಿಯರ್‌ನ ಎಂಸಿಬಿಯ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು. ಪ್ಲಗ್ ಬಿಸಿಯಾಗುವುದು, ಸ್ವಿಚ್ ಬೋರ್ಡಿನಿಂದ ಸುಟ್ಟ ಮೀನಿನಂಥ ವಾಸನೆ, ಗೀಸರ್ ಹಾಕಿದರೆ ಅದೇ ಲೈನಿನ ದೀಪ ಮಂಕಾಗುವುದು, ಇವನ್ನು ಯಾವ ಎಂಸಿಬಿಯೂ ಹಿಡಿಯುವುದಿಲ್ಲ. ದಯವಿಟ್ಟು ಕಡೆಗಣಿಸಬೇಡಿ.

ಹಳೆಯದನ್ನು ಕಿತ್ತು, ನಡುವೆ ಜಾಯಿಂಟೇ ಇಲ್ಲದಂತೆ ನಾಲ್ಕು ಸ್ಕ್ವೇರ್ ತಂತಿಯನ್ನು ನೇರ ಬೋರ್ಡಿನಿಂದ ಎಳೆಸಿದೆವು. ಈಗ ಆ ದಾರಿಯ ರೋಧ 36 × 0.0172 ÷ 4 = 0.155 ಓಮ್. ಗೀಸರ್ ಹಾಕಿದಾಗ 217 ವೋಲ್ಟ್, 8.2 ಆಂಪಿಯರ್. ಗುಣಿಸಿದರೆ ಸುಮಾರು 1780 ವ್ಯಾಟ್.

ಮೀಟರ್ ಇಲ್ಲದಿದ್ದರೆ ದೀಪ ಎಣಿಸಿ

ಯಾವ ಉಪಕರಣವೂ ಇಲ್ಲದವರಿಗೆ ಮನೆಯ ಕರೆಂಟ್ ಮೀಟರೇ ಇದೆ. ಎಲೆಕ್ಟ್ರಾನಿಕ್ ಮೀಟರಿನ ಮುಖದಲ್ಲಿ ಮಿನುಗುವ ಕೆಂಪು ದೀಪದ ಹತ್ತಿರ ಒಂದು ಯೂನಿಟ್‌ಗೆ ಎಷ್ಟು ಮಿನುಗು ಎಂದು ಅಚ್ಚು ಹಾಕಿರುತ್ತಾರೆ. 1600 ಇರಬಹುದು, 3200 ಇರಬಹುದು, ನಿಮ್ಮದನ್ನು ಓದಿಕೊಳ್ಳಿ. ಮನೆಯ ಉಳಿದೆಲ್ಲವನ್ನೂ ಆಫ್ ಮಾಡಿ ಗೀಸರ್ ಒಂದನ್ನೇ ಹಾಕಿ, ಒಂದು ನಿಮಿಷ ಮಿನುಗು ಎಣಿಸಿ. ಒಂದು ಯೂನಿಟ್ ಎಂದರೆ 1000 ವ್ಯಾಟ್-ಗಂಟೆ. ಅಮ್ಮನ ಮನೆಯ ಮೀಟರಿನಲ್ಲಿ 3200 ಎಂದಿತ್ತು. ಆದ್ದರಿಂದ:

ನಿಮಿಷಕ್ಕೆ ಮಿನುಗು × 60 × 1000 ÷ 3200 = ವ್ಯಾಟ್

ತಂತಿ ಬದಲಿಸುವ ಮೊದಲು ನಾನು ಎಣಿಸಿದಾಗ ನಿಮಿಷಕ್ಕೆ 90 ಬಂತು. ಲೆಕ್ಕ ಹಾಕಿದರೆ 1687 ವ್ಯಾಟ್. ಮೇನ್ ಬೋರ್ಡಿನ 219 ವೋಲ್ಟನ್ನು 7.7ರಿಂದ ಗುಣಿಸಿ ನೋಡಿ, 1686. ಎರಡು ಬೇರೆ ದಾರಿಯಲ್ಲಿ ಒಂದೇ ಉತ್ತರ ಸಿಕ್ಕರೆ ಅಳತೆ ಸರಿಯಿದೆ ಎಂದು ಧೈರ್ಯ ಬರುತ್ತದೆ. ಗೀಸರಿಗೆ ಮುಟ್ಟಿದ್ದು 1563. ವ್ಯತ್ಯಾಸದ 123 ವ್ಯಾಟಿಗೆ ಅಮ್ಮ ಬಿಲ್ ಕಟ್ಟುತ್ತಿದ್ದರು, ಅದು ಅಟ್ಟ ಮತ್ತು ಗೋಡೆಯನ್ನು ಕಾಯಿಸುತ್ತಿತ್ತು.

ವರ್ಗದ ಮಾತು

ವೋಲ್ಟೇಜ್ ಸ್ವಲ್ಪ ಇಳಿದರೆ ಸಾಮರ್ಥ್ಯ ಅದಕ್ಕಿಂತ ಹೆಚ್ಚು ಇಳಿಯುತ್ತದೆ, ಯಾಕೆಂದರೆ ಸೂತ್ರದಲ್ಲಿ ವೋಲ್ಟ್ ಎರಡು ಸಲ ಗುಣಿಸಲ್ಪಡುತ್ತದೆ. ಸಂಜೆ ಹೊತ್ತು ಲೈನ್ 180ಕ್ಕೆ ಇಳಿಯುವ ಊರುಗಳಿವೆ. 180 × 180 ÷ 26.4 = 1227 ವ್ಯಾಟ್. ವೋಲ್ಟೇಜ್ ಇಳಿದದ್ದು ನೂರಕ್ಕೆ 22, ಸಾಮರ್ಥ್ಯ ಇಳಿದದ್ದು ನೂರಕ್ಕೆ 39. ಲೋ ವೋಲ್ಟೇಜ್‌ನಲ್ಲಿ ಬಿಲ್ ಉಳಿಯುತ್ತದೆ ಎಂದು ಕೆಲವರು ತಿಳಿದಿದ್ದಾರೆ. ಗೀಸರಿನಲ್ಲಿ ಉಳಿಯುವುದಿಲ್ಲ, ನೀರು ಅಷ್ಟೇ ಬಿಸಿಯಾಗುವವರೆಗೆ ಥರ್ಮೋಸ್ಟಾಟ್ (ಬಿಸಿ ಸಾಕಾದಾಗ ಕರೆಂಟು ಕಡಿಯುವ ಸ್ವಿಚ್) ಗೀಸರನ್ನು ಆಫ್ ಮಾಡುವುದಿಲ್ಲ, ಹೊತ್ತು ಮಾತ್ರ ಹೆಚ್ಚಾಗುತ್ತದೆ.

ತಂತಿಯ ನಷ್ಟದ ಸೂತ್ರದಲ್ಲಿ ಹೀಗೆ ಎರಡು ಸಲ ಗುಣಿಸಲ್ಪಡುವುದು, ಅಂದರೆ ವರ್ಗವಾಗುವುದು, ಆಂಪಿಯರ್. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ಕರೆಂಟು ಒಯ್ಯಲು ಸಾಧ್ಯವಾದದ್ದು ಈ ಲೆಕ್ಕದ ಬಲದಿಂದಲೇ. ವೋಲ್ಟೇಜನ್ನು ಹತ್ತು ಪಟ್ಟು ಏರಿಸಿದರೆ ಅಷ್ಟೇ ಸಾಮರ್ಥ್ಯಕ್ಕೆ ಹತ್ತನೇ ಒಂದು ಪಾಲು ಆಂಪಿಯರ್ ಸಾಕು. ತಂತಿಯಲ್ಲಿ ಶಾಖವಾಗಿ ಹೋಗುವುದು ಆಗ ನೂರನೇ ಒಂದು ಪಾಲು. ಅಮ್ಮನ ಅಟ್ಟದ 18 ಮೀಟರಿಗೂ ಆ 147 ಕಿಲೋಮೀಟರಿಗೂ ಒಂದೇ ಸೂತ್ರ.

ಈ ಲೆಕ್ಕ ನಡೆಯದ ಕಡೆ

ಕಾಯಿಸುವ ಸಾಮಾನುಗಳಾದ ಗೀಸರ್, ಇಸ್ತ್ರಿಪೆಟ್ಟಿಗೆ, ಕೆಟಲ್, ಹೀಟರ್‌ಗೆ ಮೇಲಿನದು ನೇರವಾಗಿ ಒಪ್ಪುತ್ತದೆ. ಅವುಗಳ ನೈಕ್ರೋಮ್ ಕಾಯಿಲಿನ ರೋಧ ತಣ್ಣಗಿದ್ದಾಗಲೂ ಕಾದಾಗಲೂ ಹೆಚ್ಚು ಬದಲಾಗದು. ಹಳೆಯ ತಂತುವಿನ ಬಲ್ಬು ಹಾಗಲ್ಲ. 100 ವ್ಯಾಟಿನ ಬಲ್ಬು ಉರಿಯುವಾಗ 529 ಓಮ್. ಕಳಚಿ ತಣ್ಣಗಿರುವಾಗ ಮಲ್ಟಿಮೀಟರ್‌ನಲ್ಲಿ ನೋಡಿದರೆ ಅದರ ಹತ್ತನೇ ಒಂದು ಭಾಗವೂ ಇರುವುದಿಲ್ಲ. ಮೀಟರ್ ಕೆಟ್ಟಿದೆ ಎಂದುಕೊಳ್ಳಬೇಡಿ. ಟಂಗ್‌ಸ್ಟನ್ ಕಾದಷ್ಟೂ ರೋಧ ಏರುತ್ತದೆ.

ಚೋಕ್ ಇರುವ ಹಳೆಯ ಟ್ಯೂಬ್‌ಲೈಟ್ 0.43 ಆಂಪಿಯರ್ ಎಳೆಯುತ್ತದೆ. 230ರಿಂದ ಗುಣಿಸಿದರೆ 99 ಬರುತ್ತದೆ, ಆದರೆ ನಿಜವಾಗಿ ಖರ್ಚಾಗುವುದು ಅದರ ಅರ್ಧದಷ್ಟು. ಕಾಯಿಲ್ ಸುತ್ತಿದ ಚೋಕ್, ಮೋಟಾರ್‌ಗಳಲ್ಲಿ ಕರೆಂಟು ವೋಲ್ಟೇಜಿಗಿಂತ ಹಿಂದೆ ಬೀಳುತ್ತದೆ, ಹಾಗಾಗಿ ಪವರ್ ಫ್ಯಾಕ್ಟರ್‌ನಿಂದಲೂ (ಆ ಗುಣಲಬ್ಧದಲ್ಲಿ ನಿಜವಾಗಿ ಖರ್ಚಾಗುವ ಪಾಲು) ಗುಣಿಸಬೇಕು. ತೋಟದ ತ್ರೀ ಫೇಸ್ ಪಂಪಿಗಾದರೆ 1.732 × ವೋಲ್ಟ್ × ಆಂಪಿಯರ್ × ಪವರ್ ಫ್ಯಾಕ್ಟರ್. 5 ಎಚ್‌ಪಿ ಪಂಪಿಗೆ 415 ವೋಲ್ಟ್, 8.6 ಆಂಪಿಯರ್, ಪವರ್ ಫ್ಯಾಕ್ಟರ್ 0.8 ಎಂದಿಟ್ಟುಕೊಂಡರೆ 4945 ವ್ಯಾಟ್. 5 ಎಚ್‌ಪಿ ಎಂದರೆ 3730 ವ್ಯಾಟ್; ಉಳಿದದ್ದು ಮೋಟಾರಿನೊಳಗೇ ಖರ್ಚು. ರೈತರು ನೆನಪಿಡಬೇಕಾದ್ದು: ವೋಲ್ಟೇಜ್ ಇಳಿದರೆ ಗೀಸರ್ ಎಳೆಯುವ ಆಂಪಿಯರ್ ಇಳಿಯುತ್ತದೆ, ನೀರೆತ್ತುತ್ತಿರುವ ಪಂಪಿನದು ಏರುತ್ತದೆ. ಟಿಸಿಯಿಂದ (ಊರಿನ ಟ್ರಾನ್ಸ್‌ಫಾರ್ಮರ್‌ನಿಂದ) ದೂರ ಇರುವ ಕೊನೆಯ ತೋಟದ ಮೋಟಾರ್ ಪದೇ ಪದೇ ಸುಡುವುದಕ್ಕೆ ಇದೂ ಒಂದು ಕಾರಣ. ವೈಂಡಿಂಗ್ ಕಟ್ಟಿಸಿ ಬಂದ ದಿನವೇ ಪಂಪ್ ಓಡುವಾಗಿನ ವೋಲ್ಟ್ ಮತ್ತು ಮೂರೂ ಫೇಸಿನ ಆಂಪಿಯರ್ ಅಳೆಸಿಡಿ.

ಚಿಕ್ಕ ಕೆಲಸ: ಬ್ಯಾಟರಿಗೆ ಒಂದು ಎಲ್‌ಇಡಿ

ಬೈಕಿನ 12 ವೋಲ್ಟ್ ಬ್ಯಾಟರಿಗೆ ಕೆಂಪು ಎಲ್‌ಇಡಿ ಹಾಕಬೇಕು ಅನ್ನಿ. ಎಲ್‌ಇಡಿ ತನಗೆ 2 ವೋಲ್ಟ್ ಇಟ್ಟುಕೊಳ್ಳುತ್ತದೆ, ಬೇಕಾದ ಕರೆಂಟು 0.02 ಆಂಪಿಯರ್. ಉಳಿದ 10 ವೋಲ್ಟನ್ನು ರೆಸಿಸ್ಟರ್ (ರೋಧ ಒಡ್ಡುವ ಚಿಕ್ಕ ಬಿಡಿಭಾಗ) ಹೊರಬೇಕು. 10 ÷ 0.02 = 500 ಓಮ್. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು 470 ಮತ್ತು 560. ದೊಡ್ಡದನ್ನೇ ತೆಗೆದುಕೊಳ್ಳಿ: ಮೈಮೇಲೆ ಹಸಿರು, ನೀಲಿ, ಕಂದು ಪಟ್ಟೆ ಇರುವುದು.

ರೆಸಿಸ್ಟರ್ ತಾಳಬಲ್ಲ ಶಾಖಕ್ಕೂ ಒಂದು ಮಿತಿ ಇದೆ. ಕಾಲು ವ್ಯಾಟಿನದು ಸಾಕೇ? 12 ವೋಲ್ಟಿನಲ್ಲಿ 10 × 10 ÷ 560 = 0.18 ವ್ಯಾಟ್, ಸಾಕು ಎನಿಸುತ್ತದೆ. ಆದರೆ ಎಂಜಿನ್ ಓಡುತ್ತಾ ಬ್ಯಾಟರಿ ಚಾರ್ಜ್ ಆಗುವಾಗ ವೋಲ್ಟೇಜ್ 14.4ರವರೆಗೆ ಹೋಗುತ್ತದೆ. ಆಗ ರೆಸಿಸ್ಟರಿಗೆ 12.4 ವೋಲ್ಟ್: 12.4 × 12.4 ÷ 560 = 0.27 ವ್ಯಾಟ್. ಕಾಲು ವ್ಯಾಟಿನ ಮಿತಿ ದಾಟಿತು. ಅರ್ಧ ವ್ಯಾಟಿನದನ್ನೇ ಕೇಳಿ ತನ್ನಿ.

ಅಮ್ಮನ ಮನೆಯ ಬೋರ್ಡಿನ ಬಾಗಿಲ ಒಳಗೆ ಈಗ ಒಂದು ಚೀಟಿ ಅಂಟಿಸಿದ್ದೇನೆ. ಅಳೆದ ದಿನಾಂಕ, ಗೀಸರ್ ಆಫ್: 224, ಆನ್: 217, 8.2 ಆಂಪಿಯರ್. ವ್ಯತ್ಯಾಸ 7 ವೋಲ್ಟ್. ಪ್ಲಗ್ ಮೀಟರ್ ಅಲ್ಲೇ ಕಪಾಟಿನಲ್ಲಿದೆ. ವ್ಯತ್ಯಾಸ 10 ದಾಟಿದರೆ ಗೀಸರ್ ಹಾಕಬೇಡ, ನನಗೆ ಫೋನು ಮಾಡು ಎಂದು ಹೇಳಿ ಬಂದಿದ್ದೇನೆ. ಕಳೆದ ತಿಂಗಳು ಅಮ್ಮನೇ ಅಳೆದು, ಚೀಟಿಯ ಕೆಳಗೆ ಪೆನ್ಸಿಲಿನಲ್ಲಿ ಬರೆದಿದ್ದಾರೆ: 221, 214.